ಹೊನ್ನಮ್ಮನಿಂದ ಒನ್ನಮ್ಮನಿಗೆ ಎಷ್ಟು ದೂರ?

ಅಜ್ಜಿಯ ವೃದ್ಧಾಪ್ಯ ವೇತನ ಎಂಟು ತಿಂಗಳಿಂದ ನಿಂತಿತ್ತು. ಪಾಸ್‌ಬುಕ್ಕಿನಲ್ಲಿ ಹೊನ್ನಮ್ಮ, ರೇಷನ್ ಕಾರ್ಡಿನಲ್ಲಿ ಒನ್ನಮ್ಮ. ಎರಡೂ ಒಬ್ಬರೇ ಅಂತ ಕಂಪ್ಯೂಟರ್ ಒಪ್ಪುತ್ತಿಲ್ಲ ಎಂದರು ಕಚೇರಿಯಲ್ಲಿ. "ಹೆಸರು ಸರಿಯಾಗಿ ಹೇಳಜ್ಜಿ" ಎಂದು ಗುಮಾಸ್ತರು ಕೇಳಿದಾಗ ಅಜ್ಜಿ ಸರಿಯಾಗಿಯೇ ಹೇಳಿದಳು: "ಒನ್ನಮ್ಮ ಕಣಪ್ಪ." ಪಕ್ಕದಲ್ಲಿದ್ದ ನಾನು ತಕ್ಷಣ "ಹೊನ್ನಮ್ಮ ಸಾರ್, ಹ" ಎಂದು ತಿದ್ದಿದೆ. ಅಜ್ಜಿ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ.

ಬರೆಯುವಾಗ ಬೇರೆಬೇರೆಯಾದ, ಕಿವಿಗೆ ಒಂದೇ ಆದ ಹೆಸರುಗಳನ್ನು ಯಂತ್ರ ಹೇಗೆ ಗುರುತಿಸಬೇಕು ಎಂಬುದೇ ನನ್ನ ಪಿಎಚ್‌ಡಿ ವಿಷಯ. ಮೂರು ವರ್ಷದಿಂದ ಸಾವಿರಾರು ಹೆಸರುಗಳನ್ನು ಹೋಲಿಸಿದ್ದೇನೆ. ನಮ್ಮ ಮನೆಯ ಹೆಸರನ್ನು ಕೊಟ್ಟು ನೋಡಿದ್ದು ಅಂದು ರಾತ್ರಿಯೇ.

ಮೊದಲು ಸೌಂಡೆಕ್ಸ್. ಇದರ ಪೇಟೆಂಟ್ 1918ರದು, ಅಮೆರಿಕದ ರಾಬರ್ಟ್ ರಸೆಲ್ ಅವರದು. ಮುಂದೆ ಅಲ್ಲಿನ ಜನಗಣತಿಯ ಹೆಸರುಪಟ್ಟಿಗಳಿಗೂ ಇದೇ ಕ್ರಮ ಬಳಸಿದರು. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಹಾಗೇ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಮಿಕ್ಕ ವ್ಯಂಜನಗಳಿಗೆ ಗುಂಪಿನ ಮೇಲೆ ಅಂಕಿ ಕೊಡುತ್ತದೆ. 'ಮ', 'ನ' ಎರಡಕ್ಕೂ 5. ಹೊನ್ನಮ್ಮ ಎಂದರೆ ಎಚ್ 550, ಒನ್ನಮ್ಮ ಎಂದರೆ ಓ 550. ಬೇರೆ ಬೇರೆ ಪೆಟ್ಟಿಗೆ. ಆದರೆ ಹೇಮಣ್ಣನೂ ಎಚ್ 550! ಅಜ್ಜಿ ತಾನೇ ಹೇಳುವ ಹೆಸರಿಗೆ ಸೇರಲಿಲ್ಲ, ಯಾವನೋ ಹೇಮಣ್ಣನ ಜೊತೆ ಸೇರಿದಳು. ಜಾರೋ–ವಿಂಕ್ಲರ್ ಎಂಬ ಇನ್ನೊಂದು ವಿಧಾನವೂ ಪದಗಳ ಆರಂಭ ಹೊಂದಿದರೆ ಹೆಚ್ಚು ಅಂಕ ಕೊಡುತ್ತದೆ. ಪದದ ತಲೆ ಗಟ್ಟಿ ಎಂಬುದು ಇವರ ನಂಬಿಕೆ. ನಮ್ಮೂರಲ್ಲಿ ಸವೆಯುವುದೇ ತಲೆ.

ಲೆವೆನ್‌ಸ್ಟೈನ್ ದೂರಕ್ಕೆ ಆರಂಭ, ಕೊನೆ ಎಂಬ ಭೇದವಿಲ್ಲ. ಸೋವಿಯತ್ ಗಣಿತಜ್ಞನೊಬ್ಬ 1965ರಲ್ಲಿ ಕೊಟ್ಟದ್ದು. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಲೆಕ್ಕ. ಯೂನಿಕೋಡಿನಲ್ಲಿ 'ಹೊ' ಎಂದರೆ 'ಹ' ಮತ್ತು ಒಂದು ಸ್ವರಚಿಹ್ನೆ; 'ಒ' ಒಂದೇ ಅಕ್ಷರ. ಹಾಗಾಗಿ ಹೊನ್ನಮ್ಮನಿಂದ ಒನ್ನಮ್ಮನಿಗೆ ದೂರ 2. ಚೆನ್ನಮ್ಮನಿಗೂ 2. ಹೊನ್ನಯ್ಯನಿಗೂ 2! ಇಡೀ ಅಕ್ಷರಗಳನ್ನು ಎಣಿಸಿದರೆ ಮೂರಕ್ಕೂ 1. ಯಂತ್ರಕ್ಕೆ ಪಕ್ಷಪಾತವಿಲ್ಲ ನಿಜ, ಕಿವಿಯೂ ಇಲ್ಲ.

ಹಳಗನ್ನಡದ ಪಾಲು ಹಾಲಾಯಿತು, ಪೊನ್ನು ಹೊನ್ನಾಯಿತು. ಇದನ್ನು ಎಂ.ಎ.ಯಲ್ಲಿ ಧ್ವನಿವ್ಯತ್ಯಾಸ ಎಂದು ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಅದೇ ಹೊನ್ನು ಮಂಡ್ಯ ಕಡೆಯ ನಮ್ಮೂರ ಬಾಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒನ್ನಾದರೆ ಮಾತ್ರ ಅದು ತಪ್ಪು. ಮೂರನೇ ಕ್ಲಾಸಿನಲ್ಲಿ 'ಆಲು' ಎಂದದ್ದಕ್ಕೆ ತರಗತಿಯೆಲ್ಲ ನಕ್ಕಿತ್ತು. ಆ ಹೆದರಿಕೆಗೆ ಕೆಲವು ದಿನ ಎಲ್ಲದಕ್ಕೂ 'ಹ' ಹಚ್ಚಿದೆ: ಆನೆ ಹಾನೆಯಾಯಿತು, ಇಲಿ ಹಿಲಿಯಾಯಿತು. ಆಮೇಲೆ ಪಾಠವಾಗಿ, ಮನೆಗೆ ಬಂದು ಅಜ್ಜಿಯನ್ನು ತಿದ್ದಲು ಶುರುಮಾಡಿದೆ. ಕಚೇರಿಯಲ್ಲಿ ನನ್ನ ಬಾಯಿಂದ ಬಂದದ್ದು ಅದೇ ಅಭ್ಯಾಸ.

ನಾನೀಗ ಮಾಡುತ್ತಿರುವ ಪ್ರಯೋಗ ಸರಳ. ಹೆಸರನ್ನು ಧ್ವನಿಗಳಾಗಿ ಬಿಡಿಸಿ, ಎಲ್ಲ ಬದಲಾವಣೆಗೂ ಒಂದೇ ಬೆಲೆ ಕಟ್ಟದೆ, ಪದದ ಮೊದಲ 'ಹ' ಬಿದ್ದರೆ ಅಥವಾ ಬಂದು ಸೇರಿದರೆ 0.2 ಮಾತ್ರ ಹಾಕುವುದು. ಈಗ ಒನ್ನಮ್ಮ 0.2, ಚೆನ್ನಮ್ಮ 2, ಹೊನ್ನಯ್ಯ 2. ಆದರೆ ಹಕ್ಕಿಯೂ ಅಕ್ಕಿಯೂ, ಹಾಳೂ ಆಳೂ ಅಷ್ಟೇ ಹತ್ತಿರ ಬಂದು ಕೂತಿವೆ. ಸಡಿಲ ಮಾಡಿದರೆ ಇಬ್ಬರು ಒಬ್ಬರಾಗುತ್ತಾರೆ, ಬಿಗಿ ಮಾಡಿದರೆ ಒಬ್ಬಳು ಇಬ್ಬರಾಗುತ್ತಾಳೆ. ಗೈಡ್ ಸರ್ ಕೇಳುವುದು ನ್ಯಾಯವೇ: "0.2 ಯಾಕೆ, 0.4 ಯಾಕಲ್ಲ?" ಹೆಸರುಗಳ ಪಟ್ಟಿಯಲ್ಲಿ ಎರಡನೆಯ ತಪ್ಪಿಗೇ ನಾನು ಹೆಚ್ಚು ಹೆದರುತ್ತೇನೆ. ತಪ್ಪಾಗಿ ಸೇರಿದ ಇಬ್ಬರನ್ನು ಹುಟ್ಟಿದ ದಿನಾಂಕ, ಗಂಡನ ಹೆಸರು ನೋಡಿ ಬಿಡಿಸಬಹುದು. ಸೇರದೆ ಉಳಿದವಳನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಇದನ್ನು ಪ್ರಬಂಧದಲ್ಲಿ ಹೇಗೆ ಬರೆಯುವುದೋ ಇನ್ನೂ ತಿಳಿದಿಲ್ಲ.

ಕೊನೆಗೆ ಅಫಿಡವಿಟ್ ಮಾಡಿಸಿದೆವು. 'ಹೊನ್ನಮ್ಮ ಉರುಫ್ ಒನ್ನಮ್ಮ' ಎಂದು ಟೈಪಾಯಿತು. ನಿಂತ ಹಣದಲ್ಲಿ ಮೂರು ತಿಂಗಳದ್ದು ಬಂದಿದೆ. ಬಸ್ಸಿನಲ್ಲಿ ಅಜ್ಜಿ, "ಅದೇನೋ ಓದ್ತಾ ಇದೀಯಲ್ಲ, ಏನದು?" ಎಂದಳು. ನಿನ್ನ ಹೆಸರನ್ನ ಯಂತ್ರಕ್ಕೆ ಕೇಳಿಸೋದು ಎಂದೆ.

"ಯಾವ್ ಎಸ್ರು?" ಎಂದಳು.

"ಒನ್ನಮ್ಮ."

ಅಷ್ಟು ದೊಡ್ಡವಳಾದ ಮೇಲೆ ನನ್ನ ಬಾಯಿಂದ ಆ ಹೆಸರು ಹಾಗೆ ಬಂದದ್ದು ಅದೇ ಮೊದಲು. ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿ ಕಿಟಕಿಯ ಕಡೆ ತಿರುಗಿದಳು.