ಚಿಕ್ಕ ಅಳುವಾರದ ಬಸ್ಸಿನಲ್ಲಿ

2025ರ ಫೆಬ್ರುವರಿ ಮುಗಿಯುತ್ತ ಬಂದಿದೆ. ಕುಶಾಲನಗರದ ಬಸ್ ನಿಲ್ದಾಣದಲ್ಲಿ ಬೆಳಗಿನ ಬಿಸಿಲು ಆಗಲೇ ಚುರುಕು. ಚಿಕ್ಕ ಅಳುವಾರಕ್ಕೆ ಹೋಗುವ ಬಸ್ಸು ಹತ್ತಿ ಕೂತಿದ್ದೇನೆ. ಪಕ್ಕದ ಸೀಟಿನಲ್ಲಿ ಸುಂಟಿಕೊಪ್ಪದ ಕಡೆಯ ಹುಡುಗಿ, ಸೂಕ್ಷ್ಮಾಣುಜೀವಶಾಸ್ತ್ರದ ಎಂಎಸ್ಸಿ. ಅವಳ ತೊಡೆಯ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿದ ಪ್ಲಾಸ್ಟಿಕ್ ಕವರು. ಅದರೊಳಗೆ ಮಣ್ಣು.

"ಅಪ್ಪನ ತೋಟದ್ದು ಸರ್, ಕಾಫಿ ಗಿಡದ ಬುಡದ್ದು" ಅಂದಳು.

ಕವರನ್ನು ನನ್ನ ಕೈಗೆ ಕೊಟ್ಟಳು. ಕಪ್ಪು ಮಿಶ್ರಿತ ಕೆಂಪು, ಇನ್ನೂ ತುಸು ತೇವ, ನಡುವೆ ಕೂದಲೆಳೆಯಂಥ ಬೇರು. ಒಂದು ಗ್ರಾಂ ಮಣ್ಣನ್ನು ನೀರಿಗೆ ಹಾಕಿ, ಆ ನೀರನ್ನು ಹತ್ತರಲ್ಲಿ ಒಂದು ಪಾಲಿನಂತೆ ಮತ್ತೆ ಮತ್ತೆ ತೆಳುವಾಗಿಸಿ, ಕೊನೆಗೆ ಒಂದು ಹನಿಯನ್ನು ಗಾಜಿನ ತಟ್ಟೆಯ ಅಗರ್ ಜೆಲ್ಲಿಯ ಮೇಲೆ ಸವರುತ್ತಾಳಂತೆ. ಕೆಲವು ದಿನ ಬಿಟ್ಟು ನೋಡಿದರೆ ಮಬ್ಬು ಬಿಳುಪಿನ ನಡುವೆ ಅಲ್ಲಲ್ಲಿ ತಿಳಿಯಾದ ಉಂಗುರ. ಮಣ್ಣಿನಲ್ಲಿ ಕರಗದೆ ಕೂತ ರಂಜಕವನ್ನು ಕರಗಿಸಿ ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ಅಲ್ಲಿದೆ ಎಂದು ಅರ್ಥ. ಗೊಬ್ಬರದ ಬೆಲೆ ಗೊತ್ತಿರುವ ಬೆಳೆಗಾರನ ಮಗಳು ಆ ಉಂಗುರದ ಮಾತಾಡುವಾಗ ಎರಡು ಬೆರಳಿನಲ್ಲಿ ಅದರ ಅಗಲ ತೋರಿಸಿದಳು.

ಬಸ್ಸು ಕೂಡಿಗೆಗೆ ಬಂತು. ಹಾರಂಗಿ ಬಂದು ಕಾವೇರಿಯನ್ನು ಕೂಡುವ ಜಾಗ. ಊರಿನ ಹೆಸರೇ ಅದು. ಇಲ್ಲಿಂದ ಮುಂದಿನ ಕೊಡಗು ಚಿತ್ರಪಟಗಳಲ್ಲಿ ಕಾಣುವ ಕೊಡಗಲ್ಲ. ಮಂಜಿಲ್ಲ, ಬೆಟ್ಟವಿಲ್ಲ. ಬಯಲು, ಜೋಳ ಕೊಯ್ದ ಹೊಲ, ಶುಂಠಿ ಕಿತ್ತು ಗುಡ್ಡೆ ಹಾಕಿದ ನೆಲ. ಈ ಬಯಲಿನಲ್ಲೇ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 'ಜ್ಞಾನ ಕಾವೇರಿ' ಬೆಳೆದದ್ದು. 2022ರಲ್ಲಿ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಿದ್ದುಪಡಿ ತಂದು ಏಳು ಹೊಸ ವಿಶ್ವವಿದ್ಯಾಲಯಗಳನ್ನು ಮಾಡಿದಾಗ ಕೊಡಗು ವಿಶ್ವವಿದ್ಯಾಲಯಕ್ಕೆ ಇದೇ ನೆಲೆಯಾಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ. ಇನ್ನೂ ಎರಡು ವರ್ಷ ತುಂಬಿಲ್ಲ.

ಹಿಂದಿನ ಸೀಟಿನವರ ಕೈಯಲ್ಲಿ ಪತ್ರಿಕೆ ಇದೆ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿದೆ. ಹಾಸನ, ಚಾಮರಾಜನಗರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಮಂಡ್ಯ, ಬೆಂಗಳೂರಿನ ನೃಪತುಂಗ, ಮಹಾರಾಣಿ ಕ್ಲಸ್ಟರ್, ಜೊತೆಗೆ ನಮ್ಮದು. ದುಡ್ಡಿಲ್ಲ ಎಂಬುದು ಕಾರಣ.

"ಸರ್, ಮುಚ್ಚಿದರೆ ನಮ್ಮ ಸರ್ಟಿಫಿಕೇಟ್ ಮೇಲೆ ಯಾವ ಹೆಸರು ಬರುತ್ತೆ?"

ಹುಡುಗಿ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮುಚ್ಚುವುದಲ್ಲ, ಮಾತೃ ವಿಶ್ವವಿದ್ಯಾಲಯದಲ್ಲಿ ವಿಲೀನ ಎಂಬ ಮಾತೂ ಸರ್ಕಾರದ ಕಡೆಯಿಂದ ಬಂದಿದೆ. ವಿಲೀನವೆಂದರೆ ಮತ್ತೆ ಮಂಗಳೂರಿನ ಕೊಣಾಜೆ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆದಂದಿನಿಂದ ಕೊಡಗಿನ ಮಕ್ಕಳು ಸಂಪಾಜೆ ಘಾಟಿ ಇಳಿದು ಹೋದ ದಾರಿ ಅದು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಜರಿದಾಗ ಆ ದಾರಿಯೇ ಇಲ್ಲವಾಗಿತ್ತು. ಮಳೆಗಾಲದ ಘಾಟಿ ಏನೆಂದು ವಿಧಾನಸೌಧದ ಕಡತಕ್ಕೆ ಗೊತ್ತಾಗುವುದಿಲ್ಲ.

ಆದರೆ ನನಗೆ ದಾರಿಗಿಂತ ದೊಡ್ಡ ಚಿಂತೆ ಬೇರೆ. ನಾನು ಈ ಜಿಲ್ಲೆಯಲ್ಲಿ ಇತಿಹಾಸ ಪಾಠ ಹೇಳಿದವನು. ಐದು ವರ್ಷದ ಹಿಂದಿನ ಒಂದು ತರಗತಿಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

2019ರ ಅಕ್ಟೋಬರ್. ಜುಲೈನಲ್ಲಷ್ಟೇ ವಿರಾಜಪೇಟೆ ಶಾಸಕ ಕೆ.ಜಿ. ಬೋಪಯ್ಯನವರ ಪತ್ರದ ಮೇಲೆ ಟಿಪ್ಪು ಜಯಂತಿ ರದ್ದಾಗಿತ್ತು. ಈಗ ಮಡಿಕೇರಿ ಶಾಸಕ ಅಪ್ಪಚ್ಚು ರಂಜನ್ ಪಠ್ಯದಿಂದಲೇ ಟಿಪ್ಪುವಿನ ಪಾಠ ತೆಗೆಯಬೇಕೆಂದು ಶಿಕ್ಷಣ ಸಚಿವರಿಗೆ ಬರೆದಿದ್ದರು. ತರಗತಿಯಲ್ಲಿ ಕೊಡವ ಮನೆಯ ಮಕ್ಕಳಿದ್ದರು, ಅರೆಭಾಷೆ ಗೌಡರ ಮಕ್ಕಳಿದ್ದರು, ಮುಸ್ಲಿಂ ಮನೆಯವರೂ ಇದ್ದರು. 2015ರ ನವೆಂಬರ್‌ನಲ್ಲಿ ಇದೇ ಜಯಂತಿಯ ಜಗಳದಲ್ಲಿ ಮಡಿಕೇರಿಯಲ್ಲಿ ಜೀವ ಹೋದದ್ದನ್ನು ಎಲ್ಲರೂ ಬಲ್ಲರು. ಒಬ್ಬ ಹುಡುಗ ಎದ್ದು ನಿಂತು, "ದೇವಟ್ ಪರಂಬಿನಲ್ಲಿ ಎಷ್ಟು ಜನ ಸರ್?" ಎಂದ.

ಟಿಪ್ಪುವಿನ ಸೇನೆ ಕೊಡವರನ್ನು ಸೆರೆಹಿಡಿಯಿತೆನ್ನುವ ಜಾಗ ಅದು. ಬೋರ್ಡಿನ ಮೇಲೆ ಮೂರು ಅಂಕಿ ಬರೆದೆ. ಸೆರೆ ಸಿಕ್ಕವರ ಲೆಕ್ಕ: ಟಿಪ್ಪುವಿನದೆನ್ನುವ ಪತ್ರದಲ್ಲಿ 40,000. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಕೊಟ್ಟದ್ದು 70,000. ಟಿಪ್ಪುವಿನ ಚರಿತ್ರೆ ಬರೆದ ಕಿರ್ಮಾನಿಯಲ್ಲಿ 80,000. ಸೀಮೆಸುಣ್ಣ ಕೆಳಗಿಟ್ಟು ಕೇಳಿದೆ: ಬರೆದವರು ಯಾರು? ಯಾರಿಗಾಗಿ ಬರೆದರು? ದೊಡ್ಡ ಅಂಕಿಯಿಂದ ಯಾರಿಗೆ ಹೆಮ್ಮೆ, ಯಾರಿಗೆ ಲಾಭ? ಆಗಿನ ಕೊಡಗಿನ ಜನಸಂಖ್ಯೆ ಇದಕ್ಕೆ ಹೊಂದುತ್ತದೆಯೇ? ಅಂಕಿ ಇಳಿದರೆ ಸೆರೆಯವರ ಸಂಕಟ ಇಳಿಯುತ್ತದೆಯೇ?

ಯಾರೂ ಗಲಾಟೆ ಮಾಡಲಿಲ್ಲ. ತನ್ನ ಅಜ್ಜಿ ಹೇಳಿದ ಕಥೆಯನ್ನು ಒಬ್ಬಳು ಹೇಳಿದಳು. ಇನ್ನೊಬ್ಬ, ತನ್ನ ಮನೆಯಲ್ಲಿ ಬೇರೆಯೇ ಹೇಳುತ್ತಾರೆ ಎಂದ. ಇಬ್ಬರ ಮಾತನ್ನೂ ಬೋರ್ಡಿನ ಮೇಲೆ, ಮೂರು ಅಂಕಿಗಳ ಕೆಳಗೆ ಬರೆದೆ. ಗಂಟೆ ಹೊಡೆದರೂ ಹುಡುಗರು ಏಳಲಿಲ್ಲ. ನಾನು ಬೋರ್ಡ್ ಒರೆಸದೆ ಹೊರಬಂದೆ.

ಆಗ ತಜ್ಞರ ಸಮಿತಿ ಪಾಠ ಇರಲಿ ಎಂದಿತು, ಉಳಿಯಿತು. ಆದರೆ ಅಂಥ ತರಗತಿಗೆ ಮೇಷ್ಟ್ರ ಕೆಲಸ ಭದ್ರವಾಗಿರಬೇಕು. ವರ್ಷ ವರ್ಷವೂ ನೇಮಕದ ಆದೇಶಕ್ಕೆ ಕಾಯುವ ಅತಿಥಿ ಉಪನ್ಯಾಸಕ ಆ ಮೂರು ಅಂಕಿಗಳನ್ನು ಬೋರ್ಡಿಗೆ ಹತ್ತಿಸುವ ಮೊದಲು ಎರಡು ಸಲ ಯೋಚಿಸುತ್ತಾನೆ. ಅವನ ತಪ್ಪಲ್ಲ ಅದು. ವಿಶ್ವವಿದ್ಯಾಲಯವೇ ಇರುತ್ತದೋ ಇಲ್ಲವೋ ಎಂಬಲ್ಲಿ ಯಾರಿಗೆ ಯಾವ ಧೈರ್ಯ ಬಂದೀತು? ಪಾಠ ತೆಗೆಯಿರಿ ಎನ್ನುವುದು ನೇರ ಒತ್ತಡ. ಹಣ ಕೊಡದೆ ಒಣಗಿಸಿ, ಆಮೇಲೆ ಒಣಗಿದೆ ಎಂದು ಕಡಿಯುವುದು ಸದ್ದಿಲ್ಲದ ಒತ್ತಡ. ಮೊದಲನೆಯದು ಒಂದು ಪಕ್ಷದ ಕಾಲದಲ್ಲಿ ಬಂತು. ಎರಡನೆಯದರಲ್ಲಿ ಎರಡೂ ಪಕ್ಷಗಳ ಪಾಲಿದೆ: ಏಳು ವಿಶ್ವವಿದ್ಯಾಲಯಗಳನ್ನು ತಲಾ 2 ಕೋಟಿ ರೂಪಾಯಿಯಲ್ಲಿ ಹುಟ್ಟಿಸಿದವರು ಒಬ್ಬರು, ಕೊರತೆ ತುಂಬದೆ ಮುಚ್ಚಲು ಹೊರಟವರು ಇನ್ನೊಬ್ಬರು.

ಇದೇ ತಿಂಗಳ 5ರಂದು ಬೆಂಗಳೂರಿನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸಚಿವರು ಕೂತು, ಕುಲಪತಿ ನೇಮಕದ ಕೇಂದ್ರದ ಯುಜಿಸಿ ಕರಡು ನಿಯಮಗಳನ್ನು ವಿರೋಧಿಸಿದರು. ದೆಹಲಿ ನಮ್ಮ ವಿಶ್ವವಿದ್ಯಾಲಯಗಳ ಮೇಲೆ ಕೈ ಹಾಕಬಾರದು ಎಂದರು. ಸರಿಯಾದ ಮಾತು, ನಾನೂ ಅವರ ಜೊತೆ. ಅದಕ್ಕೂ ಮೊದಲು, ಡಿಸೆಂಬರ್‌ನಲ್ಲಿ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಎಂಬ ಮಸೂದೆ ನಮ್ಮ ವಿಧಾನಮಂಡಲದಲ್ಲಿ ಪಾಸಾಗಿತ್ತು. ದೆಹಲಿಗೆ ಹೇಳಿದ ಸ್ವಾಯತ್ತತೆಯ ಮಾತು ಚಿಕ್ಕ ಅಳುವಾರಕ್ಕೂ ಸಲ್ಲಬೇಕಲ್ಲ?

ಕಂಡಕ್ಟರ್ ಸೀಟಿ ಊದಿದ. ಹುಡುಗಿ ಮಣ್ಣಿನ ಕವರನ್ನು ಎದೆಗೊತ್ತಿಕೊಂಡು ಇಳಿದಳು. ಇಳಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಬಿಸಿಲಲ್ಲಿ ದುಪಟ್ಟಾ ತಲೆಗೆಳೆದುಕೊಂಡು ಸಾಲಾಗಿ ಒಳಗೆ ನಡೆದರು. "ಇವತ್ತು ಹಾಕಿದರೆ ನಾಲ್ಕು ದಿನಕ್ಕೆ ಗೊತ್ತಾಗುತ್ತೆ ಸರ್" ಎಂದು ಹೋಗುವಾಗ ತಿರುಗಿ ಹೇಳಿದಳು.

ಈ ವಿಶ್ವವಿದ್ಯಾಲಯ ಶಾಸನಸಭೆಯ ಕಾನೂನಿನಿಂದ ಹುಟ್ಟಿದ್ದು. ಅದರ ಭವಿಷ್ಯವನ್ನು ನಾಲ್ಕಾರು ಮಂತ್ರಿಗಳ ಸಭೆಯಲ್ಲಿ ತೀರ್ಮಾನಿಸಬೇಡಿ. ಅದರ ಸಿಂಡಿಕೇಟನ್ನು, ಶೈಕ್ಷಣಿಕ ಪರಿಷತ್ತನ್ನು ಕೇಳಿ. ಕಾರಣವನ್ನು ಬರವಣಿಗೆಯಲ್ಲಿ ಕೊಡಿ, ಸದನದ ಮುಂದಿಡಿ. ಮಡಿಕೇರಿಯ ಮಂತರ್ ಗೌಡರೂ ವಿರಾಜಪೇಟೆಯ ಎ.ಎಸ್. ಪೊನ್ನಣ್ಣನವರೂ ಆಳುವ ಪಕ್ಷದ ಶಾಸಕರು. ಕೊಡಗಿನ ಓದುಗರು ಈ ವಾರವೇ ಅವರಿಗೆ ಒಂದು ಪತ್ರ ಬರೆಯಿರಿ.