ಬಾಗಿಲು ತೆರೆದ ಮೇಲೆ

2020ರ ಏಪ್ರಿಲ್ ತಿಂಗಳಲ್ಲಿ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಬಳಗದಲ್ಲಿ ಒಂದು ಆಟ ಶುರುವಾಗಿತ್ತು. ನಾಳೆ ಬೆಳಿಗ್ಗೆ ಲಾಕ್‌ಡೌನ್ ತೆಗೆದುಬಿಟ್ಟರೆ ನೀವು ಮೊದಲು ಏನು ಮಾಡುತ್ತೀರಿ? ಒಬ್ಬಳು ಸೋಮೇಶ್ವರದ ಕಡಲಿಗೆ ಹೋಗುತ್ತೇನೆ ಎಂದಳು. ನನ್ನ ತಮ್ಮನಿಗೆ ಧಕ್ಕೆಗೆ ಹೋಗಿ ತಾನೇ ಮೀನು ಆರಿಸಬೇಕಿತ್ತು. ತವರಿನ ಚಿಕ್ಕಮ್ಮ ಮಾತ್ರ, 'ಯಾರ ಮನೆಗಾದರೂ ಹೋಗಿ ಒಂದು ಲೋಟ ಚಾ ಕುಡಿಯಬೇಕು, ನಾನೇ ಮಾಡಿದ ಚಾ ಕುಡಿದು ಕುಡಿದು ಸಾಕಾಗಿದೆ' ಎಂದು ಧ್ವನಿ ಸಂದೇಶ ಕಳಿಸಿದ್ದರು. ಬಾಗಿಲು ತೆರೆಯುವ ದಿನವೇ ಕಾಯಿಲೆಯೂ ಊರು ಬಿಟ್ಟು ಹೊರಡುತ್ತದೆ ಎಂಬಂತೆ ಆ ಆಟ ಸಾಗಿತ್ತು.

ನಡೆದದ್ದು ಬೇರೆ. ಬಾಗಿಲು ತುಸು ತೆರೆಯಿತು, ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. ಪ್ರತಿ ಸಲ ತೆರೆದಾಗಲೂ ಅಪಾಯ ಕಡಿಮೆಯಾಗಿತ್ತೋ ಇಲ್ಲವೋ, ಅದನ್ನು ತೂಗಿ ನೋಡುವ ಕೆಲಸ ಮಾತ್ರ ಸರಕಾರದ ಕೈಯಿಂದ ಜಾರಿ ನಮ್ಮ ಮನೆಯ ಜಗಲಿಗೆ ಬಂದು ಬೀಳುತ್ತಿತ್ತು.

ನಿರ್ಬಂಧ ಇದ್ದಾಗ 'ಬೇಡ' ಎನ್ನುವುದು ಸುಲಭವಿತ್ತು. ಮದುವೆಗೆ 50 ಜನ, ಮಯ್ಯತ್‌ಗೆ 20 ಜನ ಎಂದು ಆದೇಶವಿದ್ದಾಗ ಕರೆಯದವರಿಗೂ ಮುಜುಗರವಿಲ್ಲ, ಹೋಗದವರಿಗೂ ಮುಜುಗರವಿಲ್ಲ. (ಸಾಲ ಮಾಡದೆ ಮಗಳ ನಿಕಾಹ್ ಮುಗಿಸಿದ ತಂದೆಯಂದಿರು ಆ 50ರ ಲೆಕ್ಕವನ್ನು ಈಗಲೂ ನೆನೆಯುತ್ತಾರೆ. ಅದು ಬೇರೆಯೇ ಕಥೆ.) ಕೈ ಚಾಚಿದವರ ಮುಂದೆ ನಾವು ಕೈಯನ್ನು ಎದೆಗಿಟ್ಟು ಸಲಾಂ ಹೇಳಿದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದೇಶ ಹೋದ ಮರುದಿನ ಅದೇ ಸನ್ನೆ ಅಹಂಕಾರವಾಯಿತು. ನಮ್ಮ ಕಡೆ ಸಂಬಂಧ ಉಳಿಯುವುದೇ ಹೋಗಿ ಬರುವುದರಿಂದ. ಬಾಣಂತಿಯನ್ನು ನೋಡಬೇಕು, ಹಜ್ಜ್‌ಗೆ ಹೊರಟವರನ್ನು ನೋಡಬೇಕು, ಗಲ್ಫಿನಿಂದ ಬಂದವರನ್ನು ನೋಡಬೇಕು, ಆಸ್ಪತ್ರೆಯಿಂದ ಬಂದವರನ್ನಂತೂ ನೋಡಲೇಬೇಕು. ರೋಗಿಯನ್ನು ಕಾಣಲು ಹೋಗುವುದು ಪುಣ್ಯದ ಕೆಲಸ ಎಂದು ಮದ್ರಸದಲ್ಲಿ ಕಲಿತು ಬೆಳೆದವರು ನಾವು. ಇಂಥ ಕಡೆ 'ಸದ್ಯ ನಮ್ಮ ಮನೆಗೆ ಬರಬೇಡಿ' ಎಂದು ಬಾಯಿಬಿಟ್ಟು ಹೇಳುವುದು ಯಾರು? ಗಂಡಸರು ಹೇಳಲಿಲ್ಲ. ಬಾಗಿಲು ತೆರೆಯುವವಳು ಸೊಸೆ, ಹೇಳಬೇಕಾದವಳೂ ಅವಳೇ.

ಹೇಳಲೇಬೇಕಾದ ಕಾರಣ ನಮ್ಮ ಮನೆಯಲ್ಲಿತ್ತು. ಅತ್ತೆಗೆ ಆಗ 71 ವರ್ಷ. ಎರಡೂ ಮೂತ್ರಪಿಂಡಗಳು ಕೈಕೊಟ್ಟು 2018ರಿಂದ ಡಯಾಲಿಸಿಸ್ ನಡೆಯುತ್ತಿತ್ತು. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಸೋಂಕು ತಗಲಿದರೆ ಜೀವಕ್ಕೆ ಕುತ್ತು ಬರುವವರ ಸಾಲಿನಲ್ಲಿ ಇವರು ಮುಂದಿದ್ದರು. ಆದರೆ ವಿಚಿತ್ರ ನೋಡಿ, ಲಾಕ್‌ಡೌನ್ ಕಾಲದಲ್ಲಿ ನಮ್ಮ ಮನೆಯಲ್ಲಿ ಅತಿ ಹೆಚ್ಚು ಜನರನ್ನು ಕಂಡವರು ಅವರೇ. ನಾವೆಲ್ಲ ಒಳಗೆ ಕುಳಿತಿದ್ದಾಗ ಅವರು ಪಾಸ್ ಅಂಟಿಸಿದ ಕಾರಿನಲ್ಲಿ ಖಾಲಿ ರಸ್ತೆಯಲ್ಲಿ ಹೋಗಿ ಎಂಟು ಹಾಸಿಗೆಗಳ ಕೋಣೆಯಲ್ಲಿ ಮಲಗಿ ಬರುತ್ತಿದ್ದರು. ಪಕ್ಕದ ಹಾಸಿಗೆಯಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸು, ಆಚೆ ಬದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು. ಬೀಡಿ ಎಲೆ ಬಾರದೆ ಆಕೆಯ ಮನೆಯಲ್ಲಿ ಏನಾಯಿತು, ಮೇಷ್ಟ್ರ ಮಗ ಬೆಂಗಳೂರಿನಲ್ಲಿ ಹೇಗೆ ಸಿಕ್ಕಿಬಿದ್ದ ಎಂಬ ಸುದ್ದಿಯೆಲ್ಲ ನಮಗೆ ಬರುತ್ತಿದ್ದದ್ದು ಅತ್ತೆಯಿಂದ. ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ ಎಂಬ ಮಾತು ಅವರ ಪಾಲಿಗೆ ಇರಲೇ ಇಲ್ಲ. ಹೋದರೆ ಸೋಂಕು ಬರಬಹುದು, ಒಂದೆರಡು ವಾರ ಹೋಗದೇ ಇದ್ದರೆ ಜೀವ ಉಳಿಯುವುದೇ ಕಷ್ಟ. ಒಂದು ಅಪಾಯವನ್ನು ಇನ್ನೊಂದರ ಎದುರಿಗಿಟ್ಟು ತೂಗುವುದನ್ನು ಅವರು ನಮಗಿಂತ ಎರಡು ವರ್ಷ ಮೊದಲೇ ಕಲಿತಿದ್ದರು.

ನಮ್ಮಂಥವರಿಗೆ ಗುಂಪು ಸೇರುವುದರಲ್ಲಿ ಕಾಯಿಲೆಯದ್ದಲ್ಲದ ಇನ್ನೊಂದು ಅಪಾಯವೂ ಇತ್ತು. 2020ರ ಮಾರ್ಚ್‌ನಲ್ಲಿ ನಡೆದ ದಿಲ್ಲಿಯ ನಿಝಾಮುದ್ದೀನ್ ಸಮಾವೇಶದ ಸುದ್ದಿ ಬಂದ ಮೇಲೆ ಕೆಲವು ಟಿವಿ ವಾಹಿನಿಗಳು ವೈರಾಣುವಿಗೇ ಟೋಪಿ ತೊಡಿಸಿಬಿಟ್ಟವು. ಹಣ್ಣು, ತರಕಾರಿ ಮಾರುವವನ ಹೆಸರು ಕೇಳಿ ವ್ಯಾಪಾರ ಮಾಡುವ ದಿನಗಳು ಬಂದವು. ಆ ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲಿ ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತೆ ಕಾಣುತ್ತದೆ ಎಂಬರ್ಥದ ಮಾತು ಹೇಳಿತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಜೂನ್ 8ರಿಂದ ಪ್ರಾರ್ಥನಾಲಯಗಳನ್ನು ತೆರೆಯಬಹುದು ಎಂದಾಗ ನಮ್ಮ ಜಮಾತ್ ಸಮಿತಿಯ ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆ, 'ನಮ್ಮಲ್ಲಿ ಒಬ್ಬನಿಗೆ ಬಂದರೂ ನಾಳೆ ಟಿವಿಯಲ್ಲಿ ಏನು ಹೇಳುತ್ತಾರೆ?' ಎಂಬುದಾಗಿತ್ತಂತೆ. ಇನ್ನೂ ಕೆಲವು ವಾರ ಮಸೀದಿಯ ಬಾಗಿಲು ಮುಚ್ಚಿಯೇ ಇತ್ತು.

ತೀರ್ಮಾನ ಸರಿಯಾಗಿಯೇ ಇತ್ತು. ಕಾರಣ ಮಾತ್ರ ನನ್ನನ್ನು ಈಗಲೂ ಚುಚ್ಚುತ್ತದೆ. ನೆರೆಯವನ ಆರೋಗ್ಯಕ್ಕಾಗಿ ದೂರ ನಿಲ್ಲುವುದು ಬೇರೆ, ನೆರೆಯವನ ಕಣ್ಣಿಗೆ ಹೆದರಿ ದೂರ ನಿಲ್ಲುವುದು ಬೇರೆ. ಹೆದರಿ ನಿಂತವನಿಗೆ ಹೆದರಿಕೆ ಹೋದ ದಿನ ಎಚ್ಚರವೂ ಹೋಗುತ್ತದೆ. 2021ರ ಆರಂಭದಲ್ಲಿ ಜಾತ್ರೆ, ಚುನಾವಣಾ ಸಭೆ ಎಂದು ದೇಶವೆಲ್ಲ ಗುಂಪು ಸೇರತೊಡಗಿದಾಗ 'ಅವರಿಗಿಲ್ಲದ್ದು ನಮಗೇಕೆ' ಎಂಬ ಮಾತು ನಮ್ಮ ಓಣಿಯಲ್ಲೂ ಹುಟ್ಟಿತು. ಮೊದಲ ಅಲೆಯಲ್ಲಿ ಖತೀಬರು, ಪ್ಲೇಗ್ ಹಬ್ಬಿದ್ದ ಸಿರಿಯಾದ ಕಡೆ ಹೊರಟಿದ್ದ ಖಲೀಫ ಉಮರ್ ದಾರಿಯಿಂದಲೇ ಹಿಂದಿರುಗಿದ ಚರಿತ್ರೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಮನೆಗೆ ಕಳಿಸಿದ್ದರು. ಆ ವರ್ಷ ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಜನರಿಗೆ ಸೋಂಕು ದೃಢವಾಯಿತು. ಅತ್ತೆಗೆ ಎರಡನೇ ಲಸಿಕೆ ಹಾಕಿಸಿಕೊಂಡು ಬಂದದ್ದು ಅದೇ ವಾರ.

ಅಷ್ಟರಲ್ಲಿ ಕಾಯಿಲೆ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ತಿಳಿಯತೊಡಗಿತ್ತು. ಮೊದಲು ಹಾಲಿನ ಪ್ಯಾಕೆಟನ್ನೂ ಸೋಪು ಹಾಕಿ ತೊಳೆದವರು ನಾವು. ವೈರಾಣು ದಾಟುವುದು ಮುಟ್ಟಿದ ವಸ್ತುವಿಗಿಂತ ಹೆಚ್ಚಾಗಿ ಮುಚ್ಚಿದ ಕೋಣೆಯಲ್ಲಿ ಹಂಚಿಕೊಂಡ ಗಾಳಿಯಿಂದ ಎಂಬುದು ಆಮೇಲೆ ಸ್ಪಷ್ಟವಾಯಿತು. ಜ್ವರ, ಕೆಮ್ಮು ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ಹರಡಬಲ್ಲದು. ಹಾಗಿರುವಾಗ ಮದುವೆ ಹಾಲಿನ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಆ ಪಿಸ್ತೂಲಿಗೆ ಸಿಕ್ಕಿಬೀಳುತ್ತಿದ್ದವರು ಬಹುಶಃ ಬಿಸಿಲಲ್ಲಿ ನಡೆದು ಬಂದವರು ಮಾತ್ರ. ಒಳಗೆ ಏಸಿ. ಕಿಟಕಿಗೆಲ್ಲ ಪರದೆ. ಬಿರಿಯಾನಿ ತಿನ್ನಲು ಎಲ್ಲರೂ ಮಾಸ್ಕ್ ತೆಗೆಯಲೇಬೇಕು, ಮೈಕಿನ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕಿರುಚಲೇಬೇಕು. ನಮ್ಮ ಅಜ್ಜಿಯರ ಕಾಲದ ಅಂಗಳದ ಚಪ್ಪರ, ಅಡಿಕೆ ಕಂಬ, ನಾಲ್ಕೂ ಕಡೆಯಿಂದ ಬೀಸುವ ಗಾಳಿ ಎಷ್ಟೋ ವಾಸಿ. 2022ರ ಜನವರಿ ಕೊನೆಗೆ ಸರಕಾರವೂ ಮದುವೆಗೆ ಬಯಲಲ್ಲಿ 300, ಒಳಾಂಗಣದಲ್ಲಿ 200 ಎಂದು ವ್ಯತ್ಯಾಸ ಮಾಡಿತ್ತು. ಆದರೂ ಚಪ್ಪರ ಹಾಕಿದರೆ 'ಪಾಪ, ಹಾಲ್ ಹಿಡಿಯಲು ಆಗಲಿಲ್ಲ' ಎನ್ನುತ್ತಾರಲ್ಲ! ಮಾನದ ಎದುರು ಗಾಳಿ ಸೋತಿತು.

2021ರ ನವೆಂಬರಿನಲ್ಲಿ ಅತ್ತೆಯ ತಮ್ಮನ ಮೊಮ್ಮಗಳ ನಿಕಾಹ್ ಇದ್ದದ್ದು ಅಂಥದೇ ಹಾಲಿನಲ್ಲಿ. ಅತ್ತೆ ಹೋಗುವುದು ಬೇಡ ಎಂದು ನನ್ನ ಗಂಡ ಮತ್ತು ನಾದಿನಿ ಫೋನಿನಲ್ಲೇ ತೀರ್ಮಾನಿಸಿದರು. ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒಪ್ಪಲಿಲ್ಲ, ನೀವೇ ಅವರನ್ನು ಒಂದು ಮಾತು ಕೇಳಿ ಎಂದೆ. ಕೇಳಿದರು. ಅತ್ತೆ ಔಷಧದ ಡಬ್ಬಿ ಮುಚ್ಚಿಟ್ಟು, 'ನನಗೆ ಇನ್ನೆಷ್ಟು ಮದುವೆ ಬಾಕಿ ಇದೆ ಎಂದು ಲೆಕ್ಕ ಹಾಕಿದ್ದೀರಾ?' ಎಂದರು. 'ಕೊರೋನ ಬಂದರೆ ಸಾಯುತ್ತೇನೆ ಅನ್ನುತ್ತೀರಿ. ಬಾರದಿದ್ದರೆ ಬದುಕುತ್ತೇನೆ ಎಂದು ಯಾರು ಬರೆದುಕೊಟ್ಟಿದ್ದಾರೆ?'

ಗಂಡನ ಬಳಿ ಉತ್ತರವಿರಲಿಲ್ಲ. ನನಗೆ ಅನಿಸಿದ್ದು ಇಷ್ಟು. ಹಿರಿಯರನ್ನು ಕಾಪಾಡುತ್ತೇವೆ ಎನ್ನುವಾಗ ಅರ್ಧ ಅವರನ್ನು ಕಾಪಾಡುತ್ತೇವೆ, ಇನ್ನರ್ಧ ನಾಳೆ ನಮ್ಮ ಮೇಲೆ ಬರಬಹುದಾದ ಮಾತಿನಿಂದ ನಮ್ಮನ್ನೇ ಕಾಪಾಡಿಕೊಳ್ಳುತ್ತೇವೆ. ಎರಡು ವರ್ಷ ಗೋಡೆ ನೋಡಿ ಕುಳಿತವರಿಗೆ ಒಂದು ಮದುವೆ ಎಷ್ಟು ತೂಕದ್ದು ಎಂದು ನಲವತ್ತೈದರ ನಾವು ಹೇಗೆ ಹೇಳುವುದು? ಆದರೆ ಅವರ ಅಪಾಯ ಪೂರ್ತಿ ಅವರದೂ ಆಗಿರಲಿಲ್ಲ. ಸೋಂಕು ಹೊತ್ತು ಅವರು ಮರುದಿನ ಮಲಗುವುದು ಎಂಟು ಹಾಸಿಗೆಗಳ ಕೋಣೆಯಲ್ಲಿ. ಅಲ್ಲಿರುವವರಿಗೆ ಲಸಿಕೆ ಹಾಕಿಸಿದ್ದರೂ ಮೂತ್ರಪಿಂಡ ಸೋತ ದೇಹದಲ್ಲಿ ಅದು ಉಳಿದವರಲ್ಲಿ ಮಾಡಿದಷ್ಟು ಕೆಲಸ ಮಾಡುವುದಿಲ್ಲ. ನಾನು ಇದನ್ನು ಹೇಳಿದೆ. 'ನಿಮ್ಮ ಜೀವದ ಮಾತು ನಿಮಗೇ ಬಿಟ್ಟದ್ದು. ಬೀಡಿಯವರ ಜೀವದ ಮಾತು?' ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅವರೇ ಒಂದು ದಾರಿ ಹುಡುಕಿದ್ದರು. ಬೇಗ ಹೋಗುವುದು, ಬಾಗಿಲ ಬಳಿ ಗಾಳಿ ಬರುವಲ್ಲಿ ಕೂರುವುದು, ಮಾಸ್ಕ್ ತೆಗೆಯದಿರುವುದು, ಹುಡುಗಿಯ ಮುಖ ನೋಡಿ ಊಟಕ್ಕೆ ಮೊದಲೇ ಹೊರಡುವುದು. ಹಾಗೆಯೇ ಮಾಡಿದರು. ಪಾರ್ಸೆಲ್ ಬಂದ ಬಿರಿಯಾನಿಯನ್ನು ಮನೆಯಲ್ಲಿ ಎರಡು ತುತ್ತು ತಿಂದು, ಉಪ್ಪು ಜಾಸ್ತಿಯಾಗಿದೆ ಎಂದರು. (ಉಪ್ಪು ಅವರಿಗೆ ಹೇಗೂ ನಿಷೇಧ. ಯಾವ ಬಿರಿಯಾನಿಗಾದರೂ ಅವರು ಹೇಳುತ್ತಿದ್ದದ್ದು ಅದನ್ನೇ.) ಏನೂ ಆಗಲಿಲ್ಲ. ಏನೂ ಆಗದಿದ್ದದ್ದು ನಮ್ಮ ಜಾಣತನದಿಂದ ಎಂದು ನಾನು ಹೇಳಲಾರೆ. ಡಿಸೆಂಬರ್ 2ರಂದು ದೇಶದ ಮೊದಲ ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಸುದ್ದಿ ಬಂತು.

ಇದಕ್ಕಿಂತ ಕಷ್ಟದ ತೂಕ ಬಂದದ್ದು 2022ರ ಫೆಬ್ರವರಿಯಲ್ಲಿ. ನನ್ನ ಮೈದುನ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾನೆ. ಭಾರತದಿಂದ ನೇರವಾಗಿ ಸೌದಿಗೆ ಹೋಗುವ ದಾರಿ 2021ರ ಫೆಬ್ರವರಿಯಿಂದ ನವೆಂಬರ್ ಕೊನೆಯವರೆಗೆ ಬಹುತೇಕ ಮುಚ್ಚಿತ್ತು. ಬಂದವನು ಮರಳಲಾರ ಎಂಬ ಭಯಕ್ಕೆ ಅವನು ಬರಲೇ ಇಲ್ಲ. ದಾರಿ ತೆರೆದಾಗ ಒಮಿಕ್ರಾನ್ ಬಂತು, ವಿದೇಶದಿಂದ ಬಂದವರಿಗೆಲ್ಲ 7 ದಿನ ಮನೆಯಲ್ಲೇ ಕಡ್ಡಾಯ ಕ್ವಾರಂಟೈನ್ ಎಂದಾಯಿತು. ಫೆಬ್ರವರಿ 14ರಿಂದ ಅದನ್ನೂ ತೆಗೆದು, 14 ದಿನ ನಿಮ್ಮ ಆರೋಗ್ಯದ ಮೇಲೆ ನೀವೇ ನಿಗಾ ಇಡಿ ಎಂದರು. ಅವನು ಇಳಿದದ್ದು ಅದರ ಮುಂದಿನ ವಾರ. ಹೊರಡುವ ಮುಂಚೆ ಫೋನ್ ಮಾಡಿ, 'ಅತ್ತಿಗೆ, ಕಾನೂನು ಇಲ್ಲವಂತೆ. ಈಗ ಏನು ಮಾಡಲಿ?' ಎಂದು ಕೇಳಿದ. ಕಾನೂನು ಇದ್ದಿದ್ದರೆ ಆ ಪ್ರಶ್ನೆ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. 30 ದಿನದ ರಜೆ. ಅದರಲ್ಲಿ 7 ದಿನ ಮಹಡಿಯ ಕೋಣೆಯಲ್ಲಿ ಕುಳಿತರೆ ತಾಯಿಗೆ ಉಳಿಯುವುದು 23.

ಈ ಸಲ ಮೊದಲೇ ಅತ್ತೆಯನ್ನು ಕೇಳಿದೆವು. ಆ ತಿಂಗಳ ಮೊದಲಲ್ಲೇ ಅವರಿಗೆ ಮೂರನೆಯ, ಮುನ್ನೆಚ್ಚರಿಕೆಯ ಡೋಸ್ ಆಗಿತ್ತು. ಅವರು ಜಗಲಿಯಲ್ಲಿ, ಮಗ ಅಂಗಳದ ಹಲಸಿನ ಮರದ ಕೆಳಗೆ. ಮೊದಲ ದಿನದಿಂದಲೇ ಮಾತು, ನಡುವೆ ಹತ್ತು ಅಡಿ. ನಾಲ್ಕನೇ ದಿನ ಸಂಜೆ ಪರೀಕ್ಷೆಯ ವರದಿ ಬಂತು. ಆಮೇಲಿನದ್ದನ್ನು ನಾನು ಬರೆಯಬೇಕಿಲ್ಲ.

ಮಗ ಸಮಸ್ಯೆಯಾಗಲಿಲ್ಲ, ಅವನನ್ನು ನೋಡಲು ಬಂದವರಾದರು. ಒಂದು ಭಾನುವಾರ 23 ಜನ. ನಾನು ಎಲ್ಲ ಕುರ್ಚಿಗಳನ್ನೂ ಅಂಗಳದಲ್ಲೇ ಹಾಕಿಸಿದ್ದೆ. ದೂರದ ಸಂಬಂಧಿಯೊಬ್ಬರು ಹೊಸ್ತಿಲವರೆಗೆ ಬಂದು, 'ನಾವೇನು ಹೊರಗಿನವರೇ?' ಎಂದು ಕೇಳಿದರು. ಆ ಮೇಲೆ ಒಂದು ವರ್ಷ ಅವರು ನಮ್ಮ ಮನೆಗೆ ಬರಲಿಲ್ಲ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಮತ್ತೆ ಅಂಥ ದಿನ ಬಂದರೆ ಕುರ್ಚಿಗಳು ಅಂಗಳದಲ್ಲೇ ಇರುತ್ತವೆ.

2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೇಂದ್ರದ ಆದೇಶಗಳು ಮುಗಿದವು. ಅದಾಗಿ ಮೂರು ದಿನಕ್ಕೆ ರಮಝಾನ್ ಬಂತು. ಎರಡು ವರ್ಷದ ಬಾಕಿ ತೀರಿಸುವಂತೆ ಇಫ್ತಾರ್ ಕೂಟಗಳು ನಡೆದವು. ಮಾಸ್ಕ್ ಅವರವರ ಇಷ್ಟ ಎಂದು ಎಲ್ಲರೂ ಹೇಳತೊಡಗಿದರು. ಕೇಳಲು ಚೆಂದದ ಮಾತು. ಆದರೆ ಸೋಂಕಿದ್ದವನು ಹಾಕಿಕೊಂಡಾಗ ಅದು ಕಾಯುವುದು ಎದುರಿಗಿರುವವನನ್ನು. ಅತ್ತೆಗೆ ಕಾರಿತ್ತು. ಬೀಡಿಯ ಹೆಂಗಸು ನಾಲ್ಕು ಗಂಟೆ ರಕ್ತ ಶುದ್ಧಿ ಮಾಡಿಸಿಕೊಂಡು, ಕೈಗೆ ಪಟ್ಟಿ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ಮನೆಗೆ ಹೋಗಬೇಕಿತ್ತು. ಪಕ್ಕದ ಸೀಟಿನಲ್ಲಿ ಕೆಮ್ಮುವವನ ಇಷ್ಟದೊಳಗೆ ಆಕೆಯ ಇಷ್ಟ ಎಲ್ಲಿ ಬರುತ್ತದೆ? ಬಸ್ಸಿನಲ್ಲಿ ಮುಖ ತಿರುಗಿಸಿ ಕೂರುತ್ತೇನೆ ಎಂದು ಅತ್ತೆಗೆ ಹೇಳಿದ್ದಳಂತೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಎಂದಿತು. ಆಗಾಗಲೇ ಅದನ್ನು ಗಮನಿಸುವವರು ಯಾರೂ ಇರಲಿಲ್ಲ.

ಅತ್ತೆ ತೀರಿಕೊಂಡದ್ದು 2024ರ ಮಳೆಗಾಲದಲ್ಲಿ, ಮಲಗಿದ್ದಲ್ಲೇ, ಹೃದಯ ನಿಂತು. ಮಯ್ಯತ್ ನೋಡಲು ಎಷ್ಟು ಜನ ಬಂದರೆಂದು ಯಾರೂ ಎಣಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡಯಾಲಿಸಿಸ್ ಕೋಣೆಯಿಂದ ಮೂವರು ಬಂದರು, ಬೀಡಿಯ ಹೆಂಗಸೂ ಇದ್ದಳು. ಆ ಇಡೀ ಗುಂಪಿನಲ್ಲಿ ಮಾಸ್ಕ್ ಹಾಕಿದ್ದವರು ಆ ಮೂವರೇ. ನಾನು ಒಳಗೆ ಕರೆದೆ. ತುಂಬಾ ಜನ ಇದ್ದಾರೆ, ಇಲ್ಲೇ ಇರುತ್ತೇವೆ ಎಂದು ಜಗಲಿಯ ತುದಿಯಲ್ಲಿ ಮಳೆಯ ಇರಚಲು ಬೀಳುವಲ್ಲಿ ಕುಳಿತರು. ನಾನು ಅಲ್ಲಿಗೇ ಚಾ ತಂದುಕೊಟ್ಟೆ.