ಕಾಲು ಎಷ್ಟೆತ್ತರ?

ಬ್ಯಾಲೆಯಲ್ಲಿ ಒಬ್ಬರೇ ನರ್ತಿಸುವ ಪುಟ್ಟ ಭಾಗಕ್ಕೆ ವೇರಿಯೇಷನ್ ಎನ್ನುತ್ತಾರೆ. ಒಂದೆರಡು ನಿಮಿಷದ್ದು. ಇಂದು ಅದರಲ್ಲಿ ನರ್ತಕಿಯ ಕಾಲು ಕಿವಿಯತ್ತ ಏರಿದರೆ ಸಭೆಗೆ ಸಂತೋಷ. ನನಗೆ ಮಾತ್ರ ಹಳೆಯ ಕ್ರಮವೇ ಹಿಡಿಸುತ್ತದೆ. ಕಾರಣ ಹೇಳುತ್ತೇನೆ, ಕೇಳಿ.

ಚೈಕೋವ್‌ಸ್ಕಿಯ ಸಂಗೀತಕ್ಕೆ ಮಾರಿಯುಸ್ ಪೆಟಿಪಾ 'ಸ್ಲೀಪಿಂಗ್ ಬ್ಯೂಟಿ'ಯನ್ನು ಸಂಯೋಜಿಸಿದ್ದು 1890ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಮುಂದೆ ಅದರ ಹೆಜ್ಜೆಗಳನ್ನು ಸ್ಟೆಪಾನೊವ್ ರೂಪಿಸಿದ ನೃತ್ಯಲಿಪಿಯಲ್ಲಿ ಬರೆದಿಟ್ಟರು. ರಷ್ಯದ ಕ್ರಾಂತಿಯ ಬಳಿಕ ನಿಕೊಲಾಯ್ ಸೆರ್ಗೆಯೆವ್ ಆ ಕಾಗದಗಳನ್ನು ಹೊರದೇಶಕ್ಕೆ ಒಯ್ದರು. ಈಗ ಅವು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ. ಅವನ್ನು ಓದಿಕೊಂಡು ಅಲೆಕ್ಸಿ ರಾಟ್ಮಾನ್‌ಸ್ಕಿ 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ಗಾಗಿ ಈ ನೃತ್ಯವನ್ನು ಮತ್ತೆ ಕಟ್ಟಿದರು. ಅದರಲ್ಲಿ ಕಾಲು ಸೊಂಟದ ಮಟ್ಟವನ್ನು ದಾಟುವುದು ಅಪರೂಪ. ಮೊಣಕಾಲು ಕೆಲವೆಡೆ ತುಸು ಬಾಗಿರುತ್ತದೆ. ಕೆಲವು ಸುತ್ತುಗಳು ಬೆರಳ ತುದಿಯ ಮೇಲಲ್ಲ, ಹಿಮ್ಮಡಿ ಎತ್ತಿದ ಮುಂಗಾಲಿನ ಮೇಲೆ.

'ಇಷ್ಟೇನಾ?' ಎನ್ನಬೇಡಿ. ಕಾಲನ್ನು ತೀರ ಮೇಲಕ್ಕೊಯ್ದು ನಿಲ್ಲಿಸಲು ಹೊತ್ತು ಬೇಕು. ಆಗ ವಾದ್ಯವೃಂದ ಲಯವನ್ನು ಎಳೆಯಬೇಕಾಗುತ್ತದೆ. ಕಾಲು ಇಳಿದಾಗ ಸಂಗೀತ ತನ್ನ ನಡೆಗೆ ಮರಳುತ್ತದೆ, ಹೆಜ್ಜೆ ಚುರುಕಾಗುತ್ತದೆ, ರಾಜಕುಮಾರಿ ಅರೋರಾಳ ಮುಖ, ಭುಜ, ಕೈಗಳು ಮಾತಾಡತೊಡಗುತ್ತವೆ. ಕಸರತ್ತು ಹಿಂದೆ ಸರಿದು ಹುಡುಗಿ ಕಾಣುತ್ತಾಳೆ.

ಹಾಗೆಂದು ಇಂದಿನವರ ಶ್ರಮವನ್ನು ಹಳಿಯುತ್ತಿಲ್ಲ. ಹಳೆಯ ಬರಹದಲ್ಲೂ ಎಲ್ಲವೂ ಇಲ್ಲ. ಬಿಟ್ಟುಹೋದದ್ದನ್ನು ಊಹಿಸಿಯೇ ತುಂಬಬೇಕು. ಆದರೂ ಮುಂದಿನ ಬಾರಿ ನೋಡುವಾಗ, ಎತ್ತರ ಅಳೆಯುವ ಮೊದಲು ಒಮ್ಮೆ ಸಂಗೀತಕ್ಕೆ ಕಿವಿಗೊಡಿ. ಹೆಜ್ಜೆ ಅದರೊಡನೆ ಸಾಗುತ್ತಿದೆಯೋ, ಅದನ್ನು ಕಾಯಿಸುತ್ತಿದೆಯೋ, ನಿಮಗೇ ತಿಳಿಯುತ್ತದೆ.